ಹತ್ತು ಗಂಟಿನ ದಾರ

ಸ್ಮುರ್ನ ಪಟ್ಟಣ. ಉಪ್ಪುಮೀನಿನ ಅಂಗಡಿಯ ಮೇಲಿನ ಕೋಣೆ.
ವಾರದ ಮೊದಲ ದಿನ, ಕೋಳಿ ಇನ್ನೂ ಕೂಗಿಲ್ಲ.
ಕಡಲಾಚೆಯ ದ್ವೀಪದಿಂದ ಬಂದ ಓಲೆಯನ್ನು
ಹುಡುಗನೊಬ್ಬ ದೀಪಕ್ಕೆ ಹಿಡಿದು ಓದಿದ.
ನಮ್ಮೂರಿನ ಹೆಸರು ಬಂದಾಗ
ಎಲ್ಲರ ಬೆನ್ನೂ ನೆಟ್ಟಗಾಯಿತು.
ನಮ್ಮ ಬಡತನ ಓಲೆಗೆ ಗೊತ್ತಿತ್ತು,
ಸೆರೆಮನೆ ಗೊತ್ತಿತ್ತು,
ಕಷ್ಟ ಎಷ್ಟು ದಿನ ಎಂಬ ಲೆಕ್ಕವೂ:
ಹತ್ತು.

ನಾನು ಉಣ್ಣೆ ನೂಲುವವಳು, ಅಕ್ಷರ ಬಾರದು,
ಬೆರಳಿಗೆ ಸಿಕ್ಕಿದ್ದನ್ನು ಮಾತ್ರ ನಂಬುವವಳು.
ನಾಲ್ಕನೆಯ ದಿನ ನನ್ನ ಜೋಟಿಕನನ್ನು ಹಿಡಿದೊಯ್ದಾಗ
ಕೆಂಪು ದಾರ ಕತ್ತರಿಸಿ ಹತ್ತು ಗಂಟು ಹಾಕಿದೆ.
ದಿನಕ್ಕೊಂದು ಬಿಚ್ಚುವುದು, ಅಷ್ಟೇ.

ಹಿಡಿಯಲು ಬಂದವನು ಕೆಟ್ಟವನೇನಲ್ಲ.
ನಮ್ಮಲ್ಲೇ ಕಂಬಳಿ ಕೊಂಡವನು, ದುಡ್ಡು ಬಾಕಿ ಇಟ್ಟವನು.
'ಒಂದು ಚಿಟಿಕೆ ಧೂಪ, ಜೋಟಿಕಾ.
ಕೆಂಡಕ್ಕೆ ಉದುರಿಸಿ, ಚಕ್ರವರ್ತಿಯೇ ಒಡೆಯ ಅಂದರಾಯಿತು.
ಮನೆಗೆ ಹೋಗಿ ನಿನ್ನ ದೇವರನ್ನು ಹಾಡಿಕೋ,
ಬೇಡ ಅಂದವರಾರು? ಚಿಟಿಕೆಯಲ್ಲಿ ಏನಿದೆ?'
ಗಂಡ ತನ್ನ ಬೆರಳುಗಳನ್ನೇ ನೋಡಿಕೊಂಡ.
'ಏನೂ ಇಲ್ಲದಿದ್ದರೆ
ನಿನಗೆ ಯಾಕೆ ಬೇಕು ಅದು?' ಅಂದ.
ಮಾತು ಚೆನ್ನಾಗಿತ್ತು. ನನಗೆ ಹೊಟ್ಟೆ ಉರಿಯಿತು.
ಜಾಣತನ ತೋರಿಸುವ ಹೊತ್ತೇ ಅದು?

ಮೂರನೆಯ ಗಂಟು ಬಿಚ್ಚಿದ ದಿನ
ಅಂಜೂರ ಮಾರುವವಳು ನನ್ನ ಕಾಸು ಮುಟ್ಟಲಿಲ್ಲ.
ಆರನೆಯದು ಬಿಗಿದಿತ್ತು, ಹಲ್ಲಿನಿಂದ ಬಿಚ್ಚಿದೆ.
ಒಂಬತ್ತನೆಯ ರಾತ್ರಿ ಮನೆ ಗುಡಿಸಿ
ಅವನ ಅಂಗಿ ಒಗೆದು ಹರವಿದೆ.
ಹತ್ತು.
ಹನ್ನೊಂದನೆಯ ಬೆಳಗು ಬಂತು, ಬರಿ ಬೆಳಗು.
ಬಾಗಿಲು ತಟ್ಟಿದ್ದು ಗಾಳಿ.

ಹಿರಿಯ ಎಲ್ದಾದನ ಮನೆಗೆ ಓಡಿ
ದಾರವನ್ನು ಅವನ ಮಡಿಲಿಗೆ ಎಸೆದೆ.
'ನಿಮ್ಮ ದೇವರಿಗೆ ಎಣಿಸಲು ಬರುವುದಿಲ್ಲ!'
ನಿಮ್ಮ ಅಂದೆ. ನಮ್ಮ ಅನ್ನಲಿಲ್ಲ.
ಅವನು ಬೈಯಲಿಲ್ಲ. ಹತ್ತೆಂದರೆ ಇಂತಿಷ್ಟು,
ದಿನವೆಂದರೆ ಇಂಥದ್ದು ಎಂದು ಬಿಡಿಸಿ ಹೇಳಲೂ ಇಲ್ಲ.
ಗಂಟಿದ್ದ ಜಾಗಗಳನ್ನು ಸವರುತ್ತ ಕೂತ.
ಬಿಚ್ಚಿದರೂ ದಾರ ನೆಟ್ಟಗಾಗಿರಲಿಲ್ಲ,
ಹತ್ತು ಕಡೆ ಸೊಟ್ಟ.

'ನಮ್ಮ ಹಿರೀಕರು ಬಾಬೆಲಿನಲ್ಲಿ
ಎಪ್ಪತ್ತು ವರ್ಷ ಎಣಿಸಿದರು,' ಅಂದ ಕಡೆಗೆ.
'ಶುರು ಮಾಡಿದವರು ಮುಗಿಸಲಿಲ್ಲ.
ಎಣಿಕೆಯನ್ನು ಮಕ್ಕಳ ಕೈಗೆ ಕೊಟ್ಟು ಹೋದರು.'
ಮತ್ತೆ, ಬಹಳ ಹೊತ್ತಾದ ಮೇಲೆ:
'ಅಮ್ಮಿಯಾ, ಇವತ್ತು ರೊಟ್ಟಿ ಕಳಿಸಿದೆಯಾ?'

ಕಳಿಸಿರಲಿಲ್ಲ.
ಬಾರ್ಲಿ ರೊಟ್ಟಿ, ನಾಲ್ಕು ಆಲಿವ್ ಕಾಯಿ ಬಟ್ಟೆಯಲ್ಲಿಟ್ಟು,
ಕಟ್ಟಲು ಬೇರೇನೂ ಸಿಗದೆ
ಆ ದಾರದಿಂದಲೇ ಬಿಗಿದೆ.
ಕಾವಲಿನವನು ಎರಡು ಕಾಯಿ ಬಾಯಿಗೆ ಹಾಕಿಕೊಂಡು
ಉಳಿದದ್ದು ಒಳಗೆ ಒಯ್ದ.
ಸಂಜೆ ಬರಿ ಬಟ್ಟೆ ವಾಪಸು ಬಂತು, ದಾರದ ಸಮೇತ.
ದಾರದ ತುದಿಯಲ್ಲಿ ಒಂದು ಗಂಟು.
ನಾನು ಹಾಕಿದ್ದಲ್ಲ.
ಜೋಟಿಕ ದೋಣಿ ಕಟ್ಟುವವನ ಮಗ;
ಎಳೆದಷ್ಟೂ ಬಿಗಿಯುವ ಗಂಟು
ಆ ಮನೆಯವರ ಕೈಗೇ ಗೊತ್ತು.

ಅದನ್ನು ಬಿಚ್ಚಲು ಹೋಗಲಿಲ್ಲ.

ಮತ್ತೆ ವಾರದ ಮೊದಲ ದಿನ. ಅದೇ ಕೋಣೆ, ಅದೇ ಮೀನಿನ ವಾಸನೆ.
ಓಲೆ ಓದಿದ ದಿನ ಇದ್ದವರಲ್ಲಿ ಐವರಿಲ್ಲ.
ಓದಿದ ಹುಡುಗನೂ ಇಲ್ಲ.
ಗೋಡೆಗೆ ಕಿವಿಯಿದೆ ಎಂದು
ಪಿಸುದನಿಯಲ್ಲಿ ಶುರುವಾಯಿತು ಸ್ತುತಿ.
ಸತ್ತು ಬದುಕಿದವನೇ ಅನ್ನುವಲ್ಲಿ
ನನ್ನ ಗಂಟಲು ಕಟ್ಟಿತು,
ಆಮೇಲೆ ಬಿಟ್ಟಿತು, ಬೇಕಾದ್ದಕ್ಕಿಂತ ಜೋರಾಗಿ.
ಕೆಳಗೆ ಬೀದಿಯಲ್ಲಿ
ಯಾರದೋ ಹೆಜ್ಜೆ ನಿಂತಿತು.
ಮುಷ್ಟಿಯೊಳಗೆ ಗಂಟನ್ನು ಒತ್ತಿ ಹಿಡಿದು
ಮುಂದಿನ ಸಾಲಿಗೆ ಹೋದೆ.