ಮೂರು ಲೀಟರ್ ಗಾಳಿ

ಬೆಳಗ್ಗೆ ಎಲ್ಲರಿಗಿಂತ ಮೊದಲು ಉಸಿರಾಡುವುದು ಯಂತ್ರ.
ಮೂರು ಲೀಟರಿನ ಪಿಚಕಾರಿ ಹಿಡಿದು ನಾನು
ಒಮ್ಮೆ ಮೆಲ್ಲಗೆ, ಒಮ್ಮೆ ನಡುತರ, ಒಮ್ಮೆ ಜೋರಾಗಿ
ತಳ್ಳುತ್ತೇನೆ. ಪರದೆ ಹೇಳಬೇಕು: ಮೂರು.
ಹೇಳದಿದ್ದರೆ ಆ ದಿನ ಯಾರ ಎದೆಯನ್ನೂ ನಂಬುವಂತಿಲ್ಲ.

ಬ್ಲಾಂಟೈರಿನ ಈ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ
ಹನ್ನೊಂದು ವರ್ಷದಿಂದ ನನ್ನ ಕೆಲಸ ಊದಿಸುವುದು.
ಡಾಕ್ಟರ್ ಅಲಿನಾಫೆ ಬರೆಯುತ್ತಾಳೆ, ನಾನು ಕೂಗುತ್ತೇನೆ:
ಊದು ಊದು ಊದು, ನಿಲ್ಲಿಸಬೇಡ, ಇನ್ನೂ ಇದೆ, ಇನ್ನೂ...
ಹೊರಗೆ ಕೂತ ಅಜ್ಜಿಯರು ಇದನ್ನು ಹೆರಿಗೆ ಕೋಣೆ ಅಂದುಕೊಳ್ಳುತ್ತಾರೆ.

ಲಿಂಬಿಕನಿ ಬಂದಾಗ ಅವನಿಗೆ ಹದಿನೈದು.
ಗೋಡೆಯ ಅಳತೆಪಟ್ಟಿಯ ಲೆಕ್ಕದಲ್ಲಿ ಹತ್ತು.
ಮೂರು ಸಲ ಕ್ಷಯದ ಮಾತ್ರೆ ನುಂಗಿದ್ದ, ಕ್ಷಯವಿಲ್ಲದೆ.
ಶಾಲೆಯ ತಂಡಕ್ಕೆ ಗೋಲ್‌ಕೀಪರ್.
ಇಷ್ಟವಾ, ಅಂದೆ.
ಓಡಬೇಕಾಗಿಲ್ಲವಲ್ಲ, ಅಂದ.

ಊದಿದ. ಪರದೆಯ ಮೇಲೆ ಗೆರೆ ಏಳುವಂತೆ ಮಾಡಿ
ಊರಾಚೆಯ ಎನ್ಡಿರಾಂಡೆ ಬೆಟ್ಟದ ಹಾಗೆ
ಮಗ್ಗುಲಾಗಿ ಮಲಗಿಬಿಟ್ಟಿತು.
ಒಂದೂಕಾಲು ಲೀಟರ್.

ಅವನ ತಾಯಿ ಎಸ್ನಾತ್ ಸಂತೆಯಲ್ಲಿ ಒಣಮೀನು ಮಾರುವವಳು.
ಎಂಟು ವರ್ಷದಿಂದ ರಾತ್ರಿ ಎಂಟಕ್ಕೆ ತಪ್ಪದೆ
ಮಗನ ಅಂಗೈಗೆ ಎಚ್‌ಐವಿಯ ಮಾತ್ರೆ ಇಡುತ್ತಾಳೆ,
ದಮ್ಮಿನದು ಅನ್ನುತ್ತಾಳೆ.
ನಿಜದ ಹೆಸರಿನ ಬಗ್ಗೆ ಒಮ್ಮೆಯೂ ಉಸಿರೆತ್ತಿಲ್ಲ.
ಬಾಗಿಲ ಬಳಿ ನನ್ನ ಕೈ ಹಿಡಿದಳು:
ಅವನಿಗೆ ಉಸುರಬೇಡಿ.
ಹಾಲಿನ ಜೊತೆ ನಾನೇ ಕೊಟ್ಟದ್ದು ಅಂತ ಹೇಗೆ ಹೇಳಲಿ?

ರಕ್ತದಲ್ಲಿ ವೈರಸ್ಸು ಈಗ ಎಣಿಕೆಗೂ ಸಿಗದು, ಅಂದಳು ಡಾಕ್ಟರ್.
ಮತ್ತೆ ಈ ಎದೆ? ಅಂದೆ.
ಅವಳು ಅಂಗಳಕ್ಕಿಳಿದು ಪಪ್ಪಾಯಿ ಎಲೆಯೊಂದನ್ನು ಮುರಿದು
ಟೊಳ್ಳು ದಂಟಿನ ತುದಿಯನ್ನು ಬೆರಳಲ್ಲಿ ಹಿಸುಕಿ
ಈಗ ಊದು ನೋಡು, ಅಂದಳು.
ಊದಿದೆ. ಕಿವಿ ಗುಂಯ್‌ಗುಟ್ಟಿತು.
ಮಾತ್ರೆ ಬರುವಷ್ಟರಲ್ಲಿ
ಸಣ್ಣ ನಾಳಗಳ ತುದಿಯಲ್ಲಿ ಹೀಗಾಗಿತ್ತು, ಅಂದಳು.

ಆಮೇಲೆ ಒಂದು ವರ್ಷ ಎರಡು ಬಗೆಯ ಶೀಶೆ,
ಒಂದೇ ಬಣ್ಣ, ಒಂದೇ ಕಹಿ.
ಯಾವುದರಲ್ಲಿ ಔಷಧಿ, ಯಾವುದರಲ್ಲಿ ಬರೀ ಹಿಟ್ಟು,
ಅವಳಿಗೂ ಗೊತ್ತಿಲ್ಲ, ನನಗೂ, ಮಕ್ಕಳಿಗೂ.
ಮಿನಿಬಸ್ಸಿನ ಕಾಸು ಲಕೋಟೆಯಲ್ಲಿ ಹಾಕಿ ಕೊಡುತ್ತಿದ್ದೆ.
ಒಬ್ಬಳು ಹುಡುಗಿ ಕಾಸು ಉಳಿಸಲು ನಡೆದು ಬಂದಳು;
ಅವತ್ತು ಅವಳನ್ನು ಊದಿಸಲಿಲ್ಲ.
ಇಬ್ಬರು ಬರಲೇ ಇಲ್ಲ. ಅವರ ಲಕೋಟೆ ಇನ್ನೂ ಡ್ರಾಯರಿನಲ್ಲಿದೆ.

ಸೀಲು ಒಡೆದ ದಿನ ಗೆರೆಗಳು ಎದ್ದಿರಲಿಲ್ಲ.
'ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ' ಎಂದು ಬರೆದಳು,
ಅಳಿಸಿದಳು, ಮತ್ತೆ ಅದನ್ನೇ ಬರೆದಳು.
ಹೊರಗೆ ಹೋಗಿ ಬೇಯಿಸಿದ ಕಡಲೆಕಾಯಿ ಒಂದೊಂದಾಗಿ ಸುಲಿದು
ತಿನ್ನದೆ ಕೂತಳು.
ಸಂಜೆ ಒಳಬಂದು ಕೇಳಿದಳು:
ಹುಟ್ಟಿದ ವರ್ಷವೇ ಮಾತ್ರೆ ಶುರುವಾದ ಮಕ್ಕಳ ಗೆರೆಗಳನ್ನು
ಬೇರೆ ತೆಗೆದಿಟ್ಟಿದ್ದೀಯಾ?
ಇಟ್ಟಿದ್ದೆ.

ಕೊನೆಯ ಭೇಟಿ. ತಾಯಿ ಹೊರಗೆ ಸಾಲಿನಲ್ಲಿ.
ಲಿಂಬಿಕನಿ ಮೂಗಿನ ಕ್ಲಿಪ್ಪನ್ನು ಬೆರಳಲ್ಲಿ ಚಿವುಟುತ್ತ
ಮಾತ್ರೆ ಯಾವುದಕ್ಕೆ ಅಂತ ನನಗೆ ಗೊತ್ತು, ಅಂದ.
ಡಬ್ಬಿಯ ಮೇಲಿನ ಹೆಸರೇ ಶಾಲೆಯ ಗೋಡೆಯ ಮೇಲಿತ್ತು.
ಆರನೇ ಕ್ಲಾಸಿನಿಂದ ಗೊತ್ತು.
ಅಮ್ಮನಿಗೆ ಉಸುರಬೇಡಿ.

ಅವಳು ಒಳಬಂದಳು. ಅವನು ಕ್ಲಿಪ್ಪು ಹಾಕಿಕೊಂಡ.
ಇಬ್ಬರ ನಡುವೆ ನಿಂತು ನಾನು ಕೂಗಿದೆ, ಎಂದಿಗಿಂತ ಜೋರಾಗಿ:
ಊದು ಊದು ಊದು, ಇನ್ನೂ ಇದೆ, ಒಳಗೆ ಇನ್ನೂ ಇದೆ...
ಒಂದೂಕಾಲು. ಒಂದೂಕಾಲು. ಮೂರನೆಯ ಸಲ ತುಸು ಮೇಲೆ.

ಜಾಸ್ತಿಯಾಯಿತಾ, ಎಂದಳು ತಾಯಿ.
ಅಷ್ಟು ಏರಿಳಿತ ಲೆಕ್ಕಕ್ಕಿಲ್ಲ, ಡಾಕ್ಟರೇ ಹೇಳಿದ್ದಾಳೆ.
ಐವತ್ತು ಮಿಲಿಲೀಟರ್, ಅಂದೆ.
ಒಣಮೀನು ಅಳೆಯುವ ಕೈಯನ್ನು ಬಟ್ಟಲಾಗಿಸಿ
ಅವಳು ಅಷ್ಟನ್ನು
ಗಾಳಿಯಲ್ಲಿ ಹಿಡಿದು ನೋಡಿದಳು.