ಉಳಿದ ಐದು ಮಿಲಿಮೀಟರ್

ಕಾಯಾನಿ ಊರಿನಾಚೆ, ಮರದ ಕಾರ್ಖಾನೆ ಮುಚ್ಚಿದ ಮೇಲೆ
ಖಾಲಿ ಬಿದ್ದ ನೆಲಮಾಳಿಗೆಯಲ್ಲಿ ನನ್ನ ಸುರಂಗ:
ಐವತ್ತು ಮೀಟರ್ ಕಾಂಕ್ರೀಟು, ಆ ತುದಿಗೊಂದು ದೀಪ, ಕಾಗದ,
ಈ ತುದಿಗೆ ಕಬ್ಬಿಣದ ಇಕ್ಕಳ.
ಬಂದೂಕನ್ನು ಅದರ ಬಾಯಿಗೆ ಕೊಟ್ಟು ಬಿಗಿದರೆ
ಆಮೇಲೆ ಎದೆಬಡಿತವಿಲ್ಲ, ರೆಪ್ಪೆಯಿಲ್ಲ,
ನಿನ್ನೆ ರಾತ್ರಿಯ ಜಗಳವಿಲ್ಲ.
ನಳಿಗೆ ನೆಟ್ಟಗಿದ್ದೂ ಗುರಿ ತಪ್ಪಿದರೆ
ತೋಟಾ ತಪ್ಪಿತು. ಅಷ್ಟೇ.

ಫೆಬ್ರವರಿಯ ಒಂದು ಮಂಗಳವಾರ ರೈಮೋ ಬಂದ,
ದಿಮ್ಮಿ ಲಾರಿಯ ಚಾಲಕ, ಗಡ್ಡದಲ್ಲಿ ಹಿಮ.
ಹಿಂದೆ ಅವನ ಹೆಂಡತಿಯ ಮೊದಲ ಮದುವೆಯ ಮಗಳು ಪಿಹ್ಲಾ.
ಹದಿನಾರು. ಬೆನ್ನಿಗೆ ಬಂದೂಕು, ಕಣ್ಣು ನೆಲಕ್ಕೆ.
"ಸ್ಕೀ ಮೇಲೆ ಹಾರ್ತಾಳೆ," ಅಂದ. "ಮಲಗಿ ಹೊಡೆಯುವಾಗ ಮಾತ್ರ
ಐದರಲ್ಲಿ ಒಂದು ಕೈಕೊಡುತ್ತೆ. ಪ್ರತಿ ಸಲ.
ಕೈ ನಡುಗುತ್ತೆ ಇವಳಿಗೆ. ಹೇಳಿ ಹೇಳಿ ಸಾಕಾಯ್ತು."
ಅವಳು ಕೈಗವಸು ತೆಗೆಯಲಿಲ್ಲ.

ತೋಟಾ ಯಾವುದು, ಕೇಳಿದೆ.
ಜೇಬಿನಿಂದ ತೆಗೆದ, ತುಸು ಹೆಮ್ಮೆಯಿಂದಲೇ:
ಅಗ್ಗದ ಮಾಲು, ಐದು ಸಾವಿರ ಒಟ್ಟಿಗೆ ಕೊಂಡದ್ದು.
"ಸೀಸ ಸೀಸವೇ ಅಲ್ವಾ?"

ಅಲ್ಲ ರೈಮೋ.
ಈ ಜಾತಿಯ ತೋಟಾಕ್ಕೆ ಕಿಡಿ ನಡುವಲ್ಲಿಲ್ಲ, ಅಂಚಿನಲ್ಲಿ.
ಹಿತ್ತಾಳೆಯ ಮಡಿಕೆಯೊಳಗೆ ಒದ್ದೆ ಮದ್ದನ್ನು ಗಿರ್ರನೆ ತಿರುಗಿಸಿ
ಕಣ್ಣಂಚಿಗೆ ಕಾಡಿಗೆ ತೀಡಿದಂತೆ ತೀಡುತ್ತಾರೆ.
ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಯಿತೋ,
ಸೂಜಿ ಬಡಿದಾಗ ಒಂದು ತಟ್ಟನೆ ಕೆರಳುತ್ತದೆ,
ಇನ್ನೊಂದು ಗೊಣಗುತ್ತಾ ಏಳುತ್ತದೆ.
ಸೆಕೆಂಡಿಗೆ ಹತ್ತು ಮೀಟರ್ ಸೋಮಾರಿಯಾದ ಗುಂಡು
ಈ ಸುರಂಗ ದಾಟುವಷ್ಟರಲ್ಲಿ ಕಿರುಬೆರಳ ಉಗುರಿನಷ್ಟು ಕೆಳಗೆ.
ಇದನ್ನೆಲ್ಲ ಹೇಳಲಿಲ್ಲ. ಬಿಗಿದೆ.
ಹತ್ತು ಸಲ ಕುದುರೆ ಎಳೆದೆ.

ಕಾಗದ ತಂತಿಯ ಮೇಲೆ ಕಿರುಗುಡುತ್ತಾ ಬಂತು.
ಏಳು ಒತ್ತೊತ್ತಾಗಿ, ಎರಡು ಕೆಳಗೆ ಜಾರಿ,
ಒಂದು, ಮನೆ ಬಿಟ್ಟು ಹೊರಟವನ ಹಾಗೆ, ಬಲಕ್ಕೆ.
ಅಳತೆ ಹಿಡಿದೆ: ನಲವತ್ತು ಮಿಲಿಮೀಟರ್.
ಮಲಗಿ ಹೊಡೆಯುವ ಕಪ್ಪು ಗುರಿ ನಲವತ್ತೈದು.
ನಲವತ್ತನ್ನು ತೋಟಾವೇ ತಿಂದರೆ
ಗುಡ್ಡ ಏರಿ ಬಂದ ಹುಡುಗಿಯ ಉಸಿರಿಗೆ, ನಾಡಿಗೆ, ಗಾಳಿಗೆ,
ಎಲ್ಲಕ್ಕೂ ಸೇರಿ ಉಳಿದದ್ದು ಐದು.

ರೈಮೋ ಕಾಗದ ತಿರುವಿ ನೋಡಿದ,
ಹಿಂಬದಿಯಲ್ಲಿ ಬೇರೆ ಉತ್ತರ ಇದ್ದೀತೆಂದು.

ಆಮೇಲೆ ಸಾಲಾವಳಿ ನೋಡುವ ಕೆಲಸ.
ಒಂದೇ ಕಾರ್ಖಾನೆ, ಒಂದೇ ಹಸಿರು ಪೆಟ್ಟಿಗೆ, ಒಂದೇ ಬೆಲೆ,
ಕೊನೆಯ ಎರಡು ಅಂಕಿ ಮಾತ್ರ ಬೇರೆ.
ಐವತ್ತೇಳು: ಇಪ್ಪತ್ತೆರಡು.
ಅರವತ್ತೊಂದು: ಹತ್ತೊಂಬತ್ತು, ಆದರೆ ಮುಖ ಸೊಟ್ಟ.
ಅರವತ್ತಮೂರನ್ನು ನಳಿಗೆ ಉಗಿದೇ ಬಿಟ್ಟಿತು.
ಎಪ್ಪತ್ತೊಂದಕ್ಕೆ ಹತ್ತೂ ಒಂದೇ ಹರಕು ತೂತಿನಲ್ಲಿ. ಹದಿಮೂರು.
ಇದೇ ಎಪ್ಪತ್ತೊಂದು ನಿನ್ನೆ ಇನ್ನೊಬ್ಬಳ ಬಂದೂಕಿನಲ್ಲಿ ಮುನಿಸಿಕೊಂಡಿತ್ತು.
ಯಾಕೆ ಅಂತ ಕೇಳಬೇಡಿ.
ಮೂವತ್ತು ವರ್ಷದಿಂದ ನಾನೂ ಕೇಳುತ್ತಿದ್ದೇನೆ.

ಬೆಲೆ ಹೇಳಿದೆ. ರೈಮೋ ಟೋಪಿ ತೆಗೆದು ಮತ್ತೆ ಹಾಕಿಕೊಂಡ.
ನಾಲ್ಕು ಪೆಟ್ಟಿಗೆ, ಸ್ಪರ್ಧೆಗೆ ಮಾತ್ರ.
"ಅಭ್ಯಾಸಕ್ಕೆ ಆ ಐದು ಸಾವಿರ ಮುಗೀಲಿ,"
ಅಂದದ್ದು ನನಗೆ, ಅವಳಿಗಲ್ಲ.
ಬಂದೂಕನ್ನು ಮಾತ್ರ ಲಾರಿಯವರೆಗೆ ತಾನೇ ಹೊತ್ತ.

ಪಿಹ್ಲಾ ಹಿಂದೆ ಉಳಿದಳು. ಕೈಗವಸು ಕಳಚಿ
ದೀಪದ ಕೆಳಗೆ ಎರಡೂ ಕೈ ಚಾಚಿ ನೋಡಿಕೊಂಡಳು,
ಯಾರದೋ ಕೈ ಎಂಬಂತೆ.
"ಹಾಗಾದರೆ ತಪ್ಪಿದ್ದೆಲ್ಲ ಅದರದ್ದಾ?"
ಸುಳ್ಳು ಹೇಳಬಹುದಿತ್ತು.
ಎಲ್ಲ ಅಲ್ಲ, ಅಂದೆ. ಮೂರಲ್ಲಿ ಎರಡು ಇದ್ದೀತು.
ಒಂದು ನಿನ್ನದೇ.

ನಕ್ಕಳು.
ಕಾಗದ ಬೇಕು ಅಂದಳು, ಹದಿಮೂರರದ್ದಲ್ಲ, ನಲವತ್ತರದ್ದು.
ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ತುರುಕಿದಳು.
ಹೊರಗೆ ಲಾರಿ ಹಾರ್ನ್ ಹೊಡೆಯಿತು, ಓಡಿದಳು,
ಮೈನಸ್ ಹದಿನೆಂಟರಲ್ಲಿ ಗುಂಡಿನ ಮೇಣವೂ ಕಲ್ಲಾಗುತ್ತದೆ,
ಪೆಟ್ಟಿಗೆಯನ್ನು ಮೈಗೆ ಒತ್ತಿಟ್ಟುಕೋ
ಎಂದು ನಾನು ಹೇಳುವುದು ಉಳಿದೇ ಹೋಯಿತು.