ಎರಡನೇ ಭಾಷೆ

ಪಿಯು ಅರ್ಜಿಯಲ್ಲಿ ಒಂದೇ ಖಾನೆ ಖಾಲಿ:
ಎರಡನೇ ಭಾಷೆ.
ಎರಡನೆಯದೇ? ನಗು ಬಂತು.
ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ,
ಚೌಕಾಸಿ ಅತಿಯಾದರೆ ಆಯಿ ಬೈಯುವುದು ಮರಾಠಿಯಲ್ಲಿ.

ಈ ವರ್ಷದಿಂದ ಜಪಾನಿಯೂ ಉಂಟು, ಅಂದರು ಪೆಡ್ನೇಕರ್ ಸರ್.
ಹಿಂದಿ ತಗೊಂಡ್ರೆ ತೊಂಬತ್ತು ಗ್ಯಾರಂಟಿ, ಮತ್ತೆ ನಿನ್ನಿಷ್ಟ.
ಜಪಾನಿಯಲ್ಲೂ ನಮ್ಮ ಹಾಗೇ
ಕ್ರಿಯಾಪದ ಕೊನೆಗಂತೆ;
ಮಾಡುತ್ತಾರೋ ಇಲ್ಲವೋ ತಿಳಿಯಲು
ವಾಕ್ಯ ಮುಗಿಯುವ ತನಕ ಕಾಯಬೇಕು.

ಸಂಜೆ ಬೈತಖೋಲ್ ಬಂದರಿಗೆ ಹೋದೆ.
ಬಾಬಾನ ದೋಣಿಯ ಎಂಜಿನ್ ಮೇಲೊಂದು ಹಳದಿ ಚೀಟಿ,
ಉಪ್ಪುಗಾಳಿ ತಿಂದು ಉಳಿದ ಏಳು ಅಕ್ಷರ.
ಹನ್ನೊಂದು ವರ್ಷ ಯಾರೂ ಓದಿಲ್ಲ.
"ಕಂಪನಿ ಹೆಸರಿರಬೇಕು," ಅಂದ ಬಾಬಾ,
ಕೆಮ್ಮು ಕೇಳಿಯೇ ಅದರ ಕಾಯಿಲೆ ಹೇಳುವವನು.

ಬಿಸಿಯಿದೆ, ಮುಟ್ಟಬೇಡಿ ಅಂತಲೂ ಇರಬಹುದು.
ಅವನ ಮುಂಗೈ ಮೇಲೆ
ತಾರ್ಲೆಯಷ್ಟುದ್ದ ಸುಟ್ಟ ಕಲೆ.

ಅರ್ಜಿಯ ಬೆನ್ನಿಗೆ ಏಳನ್ನೂ ಇಳಿಸಿಕೊಂಡೆ.
ಐದನೆಯದು ತಪ್ಪಿತು, ಹೊಡೆದುಹಾಕಿ ಮತ್ತೆ ಬರೆದೆ.
ಶನಿವಾರ ಕೊನೇ ದಿನ.

"ಏನದು ಗೀಚೋದು, ಸುಗಂಧಾ?"
"ನಾನು ಜಪಾನಿ..." ಅಂದೆ.
ಬಲೆ ಬಿಡಿಸುತ್ತಿದ್ದ ಕೈ ನಿಲ್ಲಿಸಿ ಬಾಬಾ
ಕೊನೆಯ ಶಬ್ದಕ್ಕೆ ಕಾದ.